ರೋಮನ್ನರಿಗೆ ಸೀಗೆಕಾಯಿ ಗೊತ್ತಿರಲಿಲ್ಲ

ಪಕ್ಕದ ಮನೆಯವರು ಏನು ತಿಂತಾರೆ, ಏನು ಉಡ್ತಾರೆ ಅಂತ ಕೇಳಿ ನೋಡಿ, ಯಾರೂ ಖಚಿತವಾಗಿ ಹೇಳುವುದಿಲ್ಲ. ಸತ್ತು ಎರಡು ಸಾವಿರ ವರ್ಷವಾದ ರೋಮನ್ನರ ಬಗ್ಗೆ ಕೇಳಿ, ಎಲ್ಲರಿಗೂ ಎಲ್ಲವೂ ಗೊತ್ತು. ಎಪ್ಪತ್ತರ ದಶಕದಲ್ಲಿ ಡೆಟ್ರಾಯಿಟ್ ಹತ್ತಿರದ ಒಂದು ಸಣ್ಣ ಕಾಲೇಜಿನಲ್ಲಿ ನಾನು ರೋಮನ್ನರ ಪಾಠ ಹೇಳುತ್ತಿದ್ದೆ. ಹೇಳುತ್ತಿದ್ದೆ ಅನ್ನುವುದಕ್ಕಿಂತ, ಕಂಡಕಂಡವರಿಂದ ಹೇಳಿಸಿಕೊಳ್ಳುತ್ತಿದ್ದೆ ಅನ್ನುವುದೇ ಸರಿ.

ಸೀರೆ ಎಷ್ಟು ಗಜ?

ನಮ್ಮವರು ಕಾರು ಕಂಪನಿಯಲ್ಲಿ ಇಂಜಿನಿಯರು. ನಾನು ಮೈಸೂರಿನಲ್ಲಿ ಪ್ರಾಚೀನ ಇತಿಹಾಸದಲ್ಲಿ ಎಂ.ಎ. ಮಾಡಿ, ಮದುವೆಯಾಗಿ ಬಂದು, ಅಪಾರ್ಟ್‌ಮೆಂಟಿನ ಕಿಟಕಿಯಲ್ಲಿ ಹಿಮ ನೋಡುತ್ತಾ ಕೂತವಳು. ಹಿಮ ಮೊದಲ ದಿನ ಬಹಳ ಚೆಂದ. ಎರಡನೇ ದಿನವೂ ಅದೇ ಹಿಮ. ಮೂರನೇ ತಿಂಗಳು ನಾನು ಒಗ್ಗರಣೆ ಡಬ್ಬಿಯ ಜೊತೆ ಮಾತಾಡಲು ಶುರು ಮಾಡಿದ್ದೆ. ಹತ್ತಿರದ ಕಾಲೇಜಿನಲ್ಲಿ ರೋಮನ್ ಇತಿಹಾಸದ ಮೇಷ್ಟ್ರು ಚಳಿ ತಡೆಯಲಾರದೆ ಫ್ಲಾರಿಡಾಕ್ಕೆ ಹೊರಟುಹೋದರು ಅಂತ ಯಾರೋ ಹೇಳಿದರು. ಅಪ್ಲೈ ಮಾಡಿದೆ.

ಇಂಟರ್‌ವ್ಯೂಗೆ ರೇಷ್ಮೆ ಸೀರೆ, ಕೆಳಗೆ ಸ್ನೋ ಬೂಟು. ಡೀನ್ ಒಳ್ಳೆ ಎತ್ತರದ, ದೊಡ್ಡ ನಗುವಿನ ಮನುಷ್ಯ. ನಾನು ರಾತ್ರಿಯೆಲ್ಲ ಚಕ್ರವರ್ತಿಗಳ ಹೆಸರು ಉರು ಹೊಡೆದು ಹೋಗಿದ್ದರೆ ಆತ ಕೇಳಿದ್ದು ನನ್ನ ಸೀರೆ ಎಷ್ಟು ಗಜ, ಪಿನ್ನಿಲ್ಲದೆ ಹೇಗೆ ನಿಲ್ಲುತ್ತದೆ ಅಂತ. ಆರು ಗಜ ಅಂದೆ. ಟೋಗಾ ಕೂಡ ಹೆಚ್ಚುಕಮ್ಮಿ ಅಷ್ಟೇ ಅಂತ ಹಿಗ್ಗಿದರು. ಟೋಗಾ ಅಂದರೆ ರೋಮನ್ನರು ಮೈಗೆ ಸುತ್ತಿಕೊಳ್ಳುತ್ತಿದ್ದ ಉದ್ದನೆ ಬಟ್ಟೆ. ಅವರು ಬೆಳಗಿನಿಂದ ರಾತ್ರಿಯವರೆಗೆ ಅದನ್ನೇ ಉಟ್ಟು ಅಡುಗೆ ಮಾಡಿ, ಹೊಲ ಉತ್ತು, ಅದರಲ್ಲೇ ಮಲಗುತ್ತಿದ್ದರು ಅನ್ನುವುದು ಡೀನ್ ಸಾಹೇಬರ ದೃಢವಾದ ನಂಬಿಕೆ.

ನನ್ನ ಬಾಯಿ ಸುಮ್ಮನಿರಬೇಕಲ್ಲ. ಇಲ್ಲ ಸರ್, ಅದು ಭಾರದ ಉಣ್ಣೆಬಟ್ಟೆ, ಉಡಿಸಲು ಇನ್ನೊಬ್ಬರು ಬೇಕು, ಜಾರದ ಹಾಗೆ ಎಡಗೈಯಲ್ಲಿ ಹಿಡಿದುಕೊಂಡೇ ಇರಬೇಕು, ಸಭೆ ಸಮಾರಂಭಕ್ಕೆ ಬಿಟ್ಟರೆ ಅವರೇ ಅದನ್ನು ತಪ್ಪಿಸಿಕೊಂಡು ಓಡಾಡುತ್ತಿದ್ದರು ಅಂದೆ. ಸಿನಿಮಾದಲ್ಲಿ ಎಲ್ಲರೂ ಉಟ್ಟಿರುತ್ತಾರಲ್ಲ ಅಂದರು.

"ಸಿನಿಮಾದಲ್ಲಿ ನಮ್ಮ ದೇಶದವರೆಲ್ಲ ಹಾವು ಆಡಿಸ್ತಾರೆ ಸರ್" ಅಂದೆ.

ಅವರು ಜೋರಾಗಿ ನಕ್ಕು, ಸದ್ಯಕ್ಕೆ ಸೆಪ್ಟೆಂಬರಿನಿಂದ ಒಂದು ವರ್ಷಕ್ಕೆ ತಗೊಳ್ಳುತ್ತೇನೆ, ಖಾಯಂ ವಿಷಯ ಅದರ ಮುಂದಿನ ಮೇ ತಿಂಗಳಲ್ಲಿ ನೋಡೋಣ ಅಂದರು. ಮನೆಗೆ ಬಂದು ಇಷ್ಟನ್ನೂ ಹೇಳಿದೆ. ನಮ್ಮವರು ಪೇಪರಿನಿಂದ ತಲೆ ಎತ್ತದೆ, "ಎಂ.ಎ. ದಂಡ ಆಯ್ತು ಕಣೇ, ಸೀರೆ ಒಂದೇ ಸಾಕಾಗಿತ್ತು" ಅಂದರು.

ಎಷ್ಟು ಕೋಟ್?

ನನ್ನದು ಸಂಜೆ ಕ್ಲಾಸು. ಕಾರು ಕಾರ್ಖಾನೆಯಲ್ಲಿ ಶಿಫ್ಟು ಮುಗಿಸಿ ಬರುವವರೇ ಹೆಚ್ಚು. ನನ್ನಪ್ಪನ ವಯಸ್ಸಿನವರೂ ಎದ್ದು ನಿಂತು "ಪ್ರೊಫೆಸರ್" ಅನ್ನುತ್ತಿದ್ದರು. ಈ ದೇಶಕ್ಕೆ ಬಂದ ಮೇಲೆ ಅಲ್ಲಿಯವರೆಗೆ ನಾನು ಬರೀ ಇಂಥವರ ಹೆಂಡತಿಯಾಗಿದ್ದೆ. ಮೊದಲ ದಿನ ಆ ಮಾತು ಕೇಳಿ ಕಾರಿನಲ್ಲಿ ಕೂತು ಅತ್ತುಬಿಟ್ಟೆ. ಈ ಕೆಲಸ ಕೈಬಿಟ್ಟು ಹೋಗಬಾರದು ಅಂತ ಅವತ್ತೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ.

ಒಂದು ದಿನ ಹೇಳಿದೆ, ನೀವು ನೋಡುವ ರೋಮನ್ ಅಮೃತಶಿಲೆ ವಿಗ್ರಹಗಳೆಲ್ಲ ಆಗ ಹೀಗೆ ಬಿಳಿಯಾಗಿರಲಿಲ್ಲ, ತುಟಿಗೆ ಕೆಂಪು, ಕೂದಲಿಗೆ ಕಂದು, ಬಟ್ಟೆಗೆ ನೀಲಿ ಹಳದಿ, ಎಲ್ಲ ಬಣ್ಣ ಬಳಿದಿರುತ್ತಿದ್ದರು, ಕಾಲ ಕಳೆದ ಹಾಗೆ ಉದುರಿಹೋಯಿತು ಅಂತ. ನಮಗೇನು, ಗೋಪುರ ನೋಡಿ ಬೆಳೆದವರು, ಆಶ್ಚರ್ಯವೇ ಆಗುವುದಿಲ್ಲ. ಕ್ಲಾಸಿನವರಿಗೆ ಮಾತ್ರ ಅವರ ಅಜ್ಜಿಯನ್ನು ನಾನು ಏನೋ ಅಂದ ಹಾಗಾಯಿತು. ತೋಟದಲ್ಲಿ ಬಿಳಿ ಗೊಂಬೆ ಇಟ್ಟುಕೊಂಡಿದ್ದ ಹೆಂಗಸೊಬ್ಬಳು ಮುಖ ಊದಿಸಿಕೊಂಡಳು.

ಕಾರ್ಖಾನೆಯಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವವನೊಬ್ಬ ಹಿಂದಿನ ಬೆಂಚಿನಲ್ಲಿದ್ದ. ಆರು ವಾರದಿಂದ ಬಾಯಿ ಬಿಟ್ಟವನಲ್ಲ. ಕೈ ಎತ್ತಿದ. ಕೆಳಗೆ ಪ್ರೈಮರ್ ಏನು ಹಾಕುತ್ತಿದ್ದರು, ಮೇಲೆ ಎಷ್ಟು ಕೋಟ್ ಅಂತ ಕೇಳಿದ. ನನಗೆ ಗೊತ್ತಿಲ್ಲ ಅಂದೆ. ಅವನು ನಿಟ್ಟುಸಿರು ಬಿಟ್ಟ. ಬಣ್ಣ ಹೋಗಿದ್ದು ಪೇಂಟರ್ ತಪ್ಪಲ್ಲ, ಹೊರಗಡೆ ನಿಲ್ಲಿಸಿದವರ ತಪ್ಪು ಅಂದ. "ಅಷ್ಟು ಒಳ್ಳೆ ಮಾಲನ್ನ ಗರಾಜಲ್ಲಿ ಇಡಬೇಕಿತ್ತು, ಪ್ರೊಫೆಸರ್."

ಎಣ್ಣೆಸ್ನಾನ

ದೀಪಾವಳಿಗೆ ಶಿಕಾಗೋ ಕಡೆಗೆ ಡ್ರೈವ್ ಮಾಡಿಕೊಂಡು ಹೋಗುವುದು ನಮ್ಮ ಪದ್ಧತಿ. ಅಲ್ಲಿನ ಒಂದು ಸಬರ್ಬಿನಲ್ಲಿ ಹುಬ್ಬಳ್ಳಿಯ ಡಾಕ್ಟರ ಮನೆ. ಸುತ್ತಮುತ್ತಲ ಕನ್ನಡದವರೆಲ್ಲ ಅವತ್ತು ಅಲ್ಲಿಗೇ. ನಾವು ಹೋದಾಗ ಡಾಕ್ಟರು ತಲೆಗೆ ಟವೆಲ್ ಸುತ್ತಿಕೊಂಡು ಕೂತಿದ್ದರು. ಬೆಳಿಗ್ಗೆ ಹಬ್ಬದ ಎಣ್ಣೆಸ್ನಾನಕ್ಕೆ ಊರಿನಿಂದ ಬಂದಿದ್ದ ಸೀಗೆಪುಡಿಯನ್ನು ಅವರು ಧಾರಾಳವಾಗಿ ಬಳಸಿದ್ದರಿಂದ ಬಾತ್‌ಟಬ್ಬಿನ ಪೈಪು ಕಟ್ಟಿಕೊಂಡು, ಒಳಗೆ ಪ್ಲಂಬರ್ ಗುದ್ದಾಡುತ್ತಿದ್ದ.

ನಾನೇನು ಪಾಠ ಹೇಳುತ್ತೇನೆ ಅಂತ ತಿಳಿದಿದ್ದೇ ತಡ, ಡಾಕ್ಟರು ಶುರು ಮಾಡಿದರು. ರೋಮನ್ನರು ಶುದ್ಧ ಸೋಮಾರಿಗಳು, ಹಗಲೆಲ್ಲ ಕತ್ತೆ ಹಾಲಿನಲ್ಲಿ ಮುಳುಗಿ ಕೂಡುತ್ತಿದ್ದರಂತೆ. ಹಾಲೂ ಇಲ್ಲ ಏನೂ ಇಲ್ಲ, ಬರೀ ನೀರು, ಊರಿನ ಸ್ನಾನದ ಮನೆಗೆ ಕೂಲಿಯವರೂ ಕೆಲಸ ಮುಗಿಸಿ ಬರುತ್ತಿದ್ದರು ಅಂದೆ. ಸೋಪಿನ ಬದಲು ಮೈಗೆಲ್ಲ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು ಅಂತಲೂ ಹೇಳಿದೆ. ಎಣ್ಣೆ ಅಂದ ಕೂಡಲೇ ಡಾಕ್ಟರ ಮುಖ ಅರಳಿತು. ರೋಮನ್ನರು ನಮ್ಮವರೇ ಅನ್ನುವ ಹಾಗೆ ಕುರ್ಚಿ ಹತ್ತಿರ ಎಳೆದುಕೊಂಡರು.

"ಎಣ್ಣಿ ಹಚ್ಚಿದ ಮ್ಯಾಲೆ?"

ಬಾಗಿದ ಲೋಹದ ಪಟ್ಟಿಯೊಂದರಿಂದ ಮೈಯೆಲ್ಲ ಕೆರೆದು ಎಣ್ಣೆ, ಕೊಳೆ ಎರಡನ್ನೂ ತೆಗೆಯುತ್ತಿದ್ದರು ಅಂದೆ.

"ಸೀಗಿಕಾಯಿ?"

ಇಲ್ಲ ಅಂದೆ. ಡಾಕ್ಟರು ಕುರ್ಚಿಯನ್ನು ವಾಪಸು ಹಿಂದಕ್ಕೆ ತಳ್ಳಿದರು. ಅವರ ಸಾಮ್ರಾಜ್ಯ ಯಾಕೆ ಬಿತ್ತು ಅನ್ನುವುದು ಈಗ ತಿಳಿಯಿತು ಅಂತ ಎಲ್ಲರಿಗೂ ಕೇಳುವಂತೆ ತೀರ್ಪು ಕೊಟ್ಟರು. ಅಷ್ಟರಲ್ಲಿ ಪ್ಲಂಬರ್ ಬಚ್ಚಲಿನಿಂದ ಕಂದು ಬಣ್ಣದ ಒಂದು ಮುದ್ದೆ ಹಿಡಿದುಕೊಂಡು ಬಂದು, ಇದು ಯಾವ ಪ್ರಾಣಿ ಅಂತ ವಿಚಾರಿಸಿದ. ಡಾಕ್ಟರ ಹೆಂಡತಿ ಅದನ್ನೂ ನೋಡಿದರು, ಗಂಡನನ್ನೂ ನೋಡಿದರು. "ನೀವೂ ಅವ್ರಂಗ ಕೆರಕೊಂಡಿದ್ರ ಪೈಪಾದ್ರೂ ಉಳೀತಿತ್ತು" ಅಂದರು.

ಸಾರಿನ ವಿಷಯ

ಅವತ್ತಿನ ಹಬ್ಬದೂಟದಲ್ಲಿ ಬೆಂಗಳೂರಿನ ಆಂಟಿಯೊಬ್ಬರು ನನ್ನ ಪಕ್ಕದಲ್ಲಿದ್ದರು. ರೋಮನ್ನರು ಮೂರು ಹೊತ್ತೂ ಪಿಜ್ಜಾ ತಿಂದರೆ ಹೊಟ್ಟೆ ಕೆಡುತ್ತಿರಲಿಲ್ಲವಾ ಅಂತ ಅವರಿಗೆ ನಿಜವಾದ ಕಾಳಜಿ. ಟೊಮೇಟೊ ಹುಟ್ಟಿದ್ದೇ ನಾವೀಗ ಕೂತಿರುವ ಈ ಅಮೆರಿಕದ ಕಡೆ ಆಂಟಿ, ರೋಮನ್ನರು ಅದನ್ನು ಕಣ್ಣಿನಲ್ಲೂ ಕಂಡವರಲ್ಲ, ಗಂಜಿ, ರೊಟ್ಟಿ, ಕಾಳು, ಸೊಪ್ಪು ತಿಂದುಕೊಂಡಿದ್ದರು ಅಂದೆ. ಪಾಪ, ನಮ್ಮ ಹಾಗೇ ಅಂತ ಆಂಟಿಗೆ ಬಹಳ ಖುಷಿಯಾಯಿತು.

ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಮೆಣಸಿನಕಾಯಿಯೂ ಈ ಕಡೆಯದೇ, ಪೋರ್ಚುಗೀಸರು ತರುವವರೆಗೆ ನಮ್ಮ ದೇಶದಲ್ಲೂ ಮೆಣಸಿನಕಾಯಿ ಇರಲಿಲ್ಲ, ಹಳೇ ಕಾಲದ ಸಾರಿಗೆ ಕರಿಮೆಣಸೇ ಗತಿ ಅಂದುಬಿಟ್ಟೆ.

ಆಂಟಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು.

"ನೋಡಮ್ಮಾ, ಓದಿದೋಳು ನೀನು. ರೋಮನ್ನರ ವಿಷಯ ಏನು ಬೇಕಾದ್ರೂ ಹೇಳ್ಕೊ. ಸಾರಿನ ವಿಷಯಕ್ಕೆ ಬರಬೇಡ."

ಕಚ್ಚೆ

ಮೇ ತಿಂಗಳು ಬಂತು. ಖಾಯಂ ಮಾತು ಡೀನ್ ಎತ್ತಲಿಲ್ಲ. ಬದಲಿಗೆ ಕಾಲೇಜಿನಲ್ಲಿ ಒಂದು ರೋಮನ್ ಔತಣ ಮಾಡೋಣ, ನೀವೇ ನಡೆಸಬೇಕು, ಅದು ಮುಗಿದ ಮೇಲೆ ನಿಮ್ಮ ವಿಷಯ ಮಾತಾಡೋಣ ಅಂದರು. ಶಿಕಾಗೋದಿಂದ ನಿವೃತ್ತ ಲ್ಯಾಟಿನ್ ಪ್ರೊಫೆಸರೊಬ್ಬರು ಮುಖ್ಯ ಅತಿಥಿ. ನನಗೆ ಅರ್ಥವಾಯಿತು. ಇದು ನನ್ನ ಪರೀಕ್ಷೆ.

ಔತಣದ ದಿನ ಕಾಲೇಜಿನ ಹಾಲ್‌ಗೆ ಹೋದರೆ ಮೂಲೆಯಲ್ಲೊಂದು ಪರದೆ, ಅದರ ಹಿಂದೆ ಸಾಲಾಗಿ ಬಕೆಟ್ಟು. ಏನು ಸರ್ ಇದು ಅಂದೆ. ರೋಮನ್ನರು ಕಂಠಮಟ್ಟ ತಿಂದು, ಹೋಗಿ ವಾಂತಿ ಮಾಡಿ, ಬಂದು ಮತ್ತೆ ತಿನ್ನುತ್ತಿದ್ದರಲ್ಲ, ಅದಕ್ಕೆ ವ್ಯವಸ್ಥೆ ಅಂದರು ಡೀನ್. ಅದೆಲ್ಲ ಕಟ್ಟುಕಥೆ, ಅವರ ಮನೆಗಳಲ್ಲಿ ಅಂಥ ಕೋಣೆಯೇ ಇರಲಿಲ್ಲ ಸರ್, ಅಡುಗೆ ಮಾಡಿದವರಾದರೂ ಏನಂದುಕೊಂಡಾರು ಅಂತ ಬೇಡಿಕೊಂಡೆ. ಬಕೆಟ್ಟಿಗೆ ಐಸ್ ತುಂಬಿಸಿದರು.

ಟೋಗಾ ಮಾತ್ರ ಬಿಡಲೊಲ್ಲರು. ಊಟಕ್ಕೆ ಯಾರೂ ಟೋಗಾ ಉಡುತ್ತಿರಲಿಲ್ಲ ಅಂದರೂ ಕೇಳಲಿಲ್ಲ. ಅವರ ಹೆಂಡತಿ ತಂದಿದ್ದ ಬಿಳಿ ಉಣ್ಣೆಬಟ್ಟೆಯನ್ನು, ಒಳಗಿನ ಗಿಡ್ಡ ಅಂಗಿಯ ಮೇಲೆ, ವಿಗ್ರಹಗಳ ಫೋಟೋ ನೋಡಿಕೊಂಡು ಅವರಿಗೆ ನಾನೇ ಸುತ್ತಿದೆ. ಎಡಗೈ ಮಡಿಸಿ ಹೀಗೇ ಹಿಡಿದುಕೊಂಡಿರಿ, ಬಿಟ್ಟರೆ ಜಾರುತ್ತದೆ ಅಂತ ಹತ್ತು ಸಲ ಹೇಳಿದೆ.

ಮುಖ್ಯ ಅತಿಥಿ ಬಾಗಿಲಿಗೆ ಬಂದರು. ಡೀನ್ ಉತ್ಸಾಹದಲ್ಲಿ ಎರಡೂ ಕೈ ಚಾಚಿಕೊಂಡು ಓಡಿದರು. ಅರ್ಧ ಹಾಲ್ ದಾಟುವುದರೊಳಗೆ ಟೋಗಾ ನೆಲದ ಮೇಲಿತ್ತು, ಡೀನ್ ಗಿಡ್ಡ ಅಂಗಿಯಲ್ಲಿದ್ದರು. ಬಟ್ಟೆ ಬಾಚಿಕೊಂಡು ಗಂಡಸರ ರೆಸ್ಟ್‌ರೂಮಿಗೆ ನುಗ್ಗಿ, ಬಾಗಿಲ ಸಂದಿಯಿಂದ ನನ್ನನ್ನು ಕರೆಯತೊಡಗಿದರು.

ಅಲ್ಲಿಗೆ ನಾನು ಹೋಗುವುದು ಹೇಗೆ? ಮತ್ತೆ ಅದೇ ಕಿಟಕಿ, ಅದೇ ಹಿಮ, ಅದೇ ಒಗ್ಗರಣೆ ಡಬ್ಬಿ ಕಣ್ಣೆದುರು ಬಂದವು. ನಮ್ಮವರು ಒಂದು ಕಡೆ ನಿಂತು ದ್ರಾಕ್ಷಿ ತಿನ್ನುತ್ತಿದ್ದರು.

"ರೀ, ನೀವು ಹೋಗಿ ಏನಾದ್ರೂ ಮಾಡ್ರೀ, ನನ್ನ ಕೆಲಸ ಹೋಗತ್ತೆ" ಅಂದೆ.

"ಬಟ್ಟೆ ತಾನೆ, ನಿಲ್ಲಬೇಕು ತಾನೆ" ಅಂತ ಒಳಗೆ ಹೋದರು.

ಸ್ವಲ್ಪ ಹೊತ್ತಿಗೆ ಡೀನ್ ಹೊರಗೆ ಬಂದರು. ನಾನು ನೋಡಿದೆ. ಮುಂದೆ ಸೊಂಟದಿಂದ ಇಳಿಬಿದ್ದ ಅಚ್ಚುಕಟ್ಟಾದ ನೆರಿಗೆ. ಕಾಲ ಸಂದಿಯಿಂದ ಹಿಂದಕ್ಕೆ ಎಳೆದು ಬಿಗಿಯಾಗಿ ಸಿಕ್ಕಿಸಿದ ಕಚ್ಚೆ. ಉಳಿದ ಬಟ್ಟೆ ಹೆಗಲ ಮೇಲೆ ಉತ್ತರೀಯ. ನಮ್ಮೂರಿನ ಮದುವೆ ಮನೆಯಲ್ಲಿ ಬಡಿಸಲು ನಿಂತವರ ಹಾಗೆ, ಅಮೆರಿಕದ ಡೀನ್.

"ಇನ್ನು ನೂರು ಎಲೆಗೆ ಓಡಾಡ್ಕೊಂಡು ಸಾರು ಬಡಿಸಲಿ, ಬಿಚ್ಚಲ್ಲ" ಅಂದರು ನಮ್ಮವರು ಕೈ ಕೊಡವಿಕೊಂಡು.

ಲ್ಯಾಟಿನ್ ಪ್ರೊಫೆಸರು ಕನ್ನಡಕ ಏರಿಸಿ ಡೀನ್ ಸುತ್ತ ನಿಧಾನವಾಗಿ ಒಂದು ಪ್ರದಕ್ಷಿಣೆ ಹಾಕಿದರು. ಹಿಂದೆ ನಿಂತು ಕಚ್ಚೆಯನ್ನು ಬಗ್ಗಿ ನೋಡಿದರು. ವರ್ಷವೆಲ್ಲ ಇನ್ನೊಬ್ಬರ ತಪ್ಪು ತಿದ್ದಿದವಳು ನಾನು, ಸುಳ್ಳಿಗೆ ಮನಸ್ಸು ಬರಲಿಲ್ಲ. ಕೆಲಸ ಹೋದರೆ ಹೋಗಲಿ ಅಂತ ಮುಂದೆ ಹೋದೆ. "ಇದು ರೋಮ್ ಅಲ್ಲ ಸರ್, ಮೈಸೂರು" ಅಂದೆ.

ಪ್ರೊಫೆಸರು ನನ್ನ ಭುಜ ತಟ್ಟಿದರು. ಅಷ್ಟು ದೊಡ್ಡ ಸಾಮ್ರಾಜ್ಯ, ದೂರದ ಪ್ರಾಂತ್ಯಗಳಲ್ಲಿ ಯಾರು ಹೇಗೆ ಉಡುತ್ತಿದ್ದರೋ ಯಾರಿಗೆ ಗೊತ್ತು, ಇಷ್ಟು ಖಚಿತವಾಗಿ ಮಾತಾಡಬಾರದು ಅಂತ ಪ್ರೀತಿಯಿಂದ ಬುದ್ಧಿ ಹೇಳಿದರು. ಡೀನ್ ಅಂತೂ ಮೆಟ್ಟಿಲು ಹತ್ತಿದರು, ಇಳಿದರು, ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತರು, ಎದ್ದು ಕುಣಿದರು. ಕಚ್ಚೆ ಮಿಸುಕಲಿಲ್ಲ. ಯಾರೋ ಫೋಟೋ ಹೊಡೆದರು.

ಸೋಮವಾರ ಡೀನ್ ನನ್ನನ್ನು ಕರೆಸಿದರು. ಕೆಲಸ ಖಾಯಂ ಅಂದರು. ಕಣ್ಣಲ್ಲಿ ನೀರು ಬಂತು. ಅವರು ಎದ್ದು ಬಂದು ಕೈ ಕುಲುಕಿದರು.

"ವರ್ಷವೆಲ್ಲ ಎಲ್ಲ ಸರಿಯಾಗಿಯೇ ಹೇಳಿಕೊಟ್ಟಿರಿ. ಒಂದೇ ಒಂದು ತಪ್ಪು. ಟೋಗಾ ಬಹಳ ಆರಾಮವಾಗಿರುತ್ತದೆ."

ಹೌದು ಸರ್ ಅಂದೆ.

ಸೆಪ್ಟೆಂಬರಿನಲ್ಲಿ ಹೊಸ ಕ್ಲಾಸು. ಟೋಗಾ ಉಟ್ಟು ಓಡುವುದು ಸಾಧ್ಯವೇ ಇರಲಿಲ್ಲ ಅಂತ ನಾನು ಶುರು ಮಾಡಿದ್ದೇ ತಡ, ಮುಂದಿನ ಬೆಂಚಿನ ಹುಡುಗಿ ಕೈ ಎತ್ತಿದಳು. ಹೊರಗೆ ಗೋಡೆಗೆ ಹಾಕಿರುವ ಫೋಟೋದಲ್ಲಿ ಡೀನ್ ಕುಣಿಯುತ್ತಿದ್ದಾರಲ್ಲ ಅಂದಳು. ಅದು ರೋಮನ್ನರು ಉಡುವ ರೀತಿಯಲ್ಲ, ನನ್ನ ಗಂಡ ಉಡಿಸಿದ್ದು ಅಂದೆ. ನಿಮ್ಮ ಗಂಡ ಎಲ್ಲಿಯವರು ಅಂದಳು. ನಂಜನಗೂಡು ಅಂದೆ.

ಅವಳು ಗಂಭೀರವಾಗಿ ಬರೆದುಕೊಂಡು ತಲೆ ಎತ್ತಿದಳು. "ಅದು ರೋಮಿನಿಂದ ಎಷ್ಟು ಮೈಲಿ, ಪ್ರೊಫೆಸರ್?"