ನಲವತ್ತಮೂರು ಜನರ ನೋವು

ಗುರುಮಲ್ಲಪ್ಪ: ತಗಳ್ಳಿ ಸ್ವಾಮಿ ವಾಪಸ್ಸು! ಇನ್ನು ಈ ಕಂಪನಿ ಊದುಬತ್ತಿ ನಮ್ಮನೇಲಿ ಹಚ್ಚಕ್ಕಿಲ್ಲ.

ಲಕ್ಷ್ಮೀನರಸಿಂಹಯ್ಯ: ವಾಪಸ್ಸೇನೋ ಸರಿ. ಆದರೆ ಇದರಲ್ಲಿ ಎರಡು ಕಡ್ಡಿ ಅರ್ಧ ಉರಿದಿವೆಯಲ್ರೀ!

ಗುರುಮಲ್ಲಪ್ಪ: ಆರ್ಸಿದೆ. ಪೂಜೆ ಮಧ್ಯದಲ್ಲಿ ಪೊಟ್ಟಣ ನೋಡ್ತೀನಿ, ಅದೇ ಹಾಳು ಹೆಸರು! ತಕ್ಷಣ ಆರ್ಸಿಬುಟ್ಟೆ.

ಲಕ್ಷ್ಮೀನರಸಿಂಹಯ್ಯ: ದೇವರ ಮುಂದೆ ಹಚ್ಚಿದ್ದನ್ನ ಆರಿಸಿದ್ರಾ? ಅಯ್ಯಯ್ಯೋ!

ಗುರುಮಲ್ಲಪ್ಪ: ಮತ್ತೆ? ಪ್ರತಿಭಟನೆ ಅಂದ್ರೆ ಹುಡುಗಾಟ ಅಂದ್ಕಂಡ್ರಾ?

ಲಕ್ಷ್ಮೀನರಸಿಂಹಯ್ಯ: ಅಲ್ಲ ಕಣ್ರೀ, ದೇವರು ಮೂಸಿದ್ದು ನಿರ್ಮಾಲ್ಯ. ಅದನ್ನ ವಾಪಸ್ ಇಟ್ಕೊಂಡು ಇನ್ನೊಬ್ಬರಿಗೆ ಮಾರಿದ್ರೆ ಅವರ ಭಾವನೆಗೆ ನೋವಾಗೋದಿಲ್ವೆ?

ಗುರುಮಲ್ಲಪ್ಪ: ದೇವರು ಮೂಸಿರೋದು ಅರ್ಧ ಮಾತ್ರ. ಉಳಿದರ್ಧ ಹೊಸದು.

ಲಕ್ಷ್ಮೀನರಸಿಂಹಯ್ಯನವರು ಪೊಟ್ಟಣವನ್ನು ಎರಡು ಬೆರಳಲ್ಲಿ ಹಿಡಿದು ತಕ್ಕಡಿಯ ಪಕ್ಕಕ್ಕೆ ಸರಿಸಿದರು. ಒಂಟಿಕೊಪ್ಪಲಿನಲ್ಲಿ ಅವರ ಗ್ರಂಧಿಗೆ ಅಂಗಡಿ ಇಪ್ಪತ್ತೆರಡು ವರ್ಷದ್ದು. ಅರಿಶಿನ, ಕುಂಕುಮ, ಕರ್ಪೂರ ಏನು ಮಾರಿದರೂ ಅಂಗಡಿ ನಡೆಯುತ್ತಿದ್ದುದು ಗಂಧಮಾದನ ಊದುಬತ್ತಿಯ ಏಜೆನ್ಸಿಯಿಂದ. ಆ ಕಂಪನಿಯವರಿಗೆ ತೊಂಬತ್ತೆಂಟನೇ ಇಸವಿಯ ಶ್ರಾವಣದಲ್ಲಿ ಅದೇನು ಬುದ್ಧಿ ಬಂತೋ, ಸುಮ್ಮನೆ ಊದುಬತ್ತಿ ಹೊಸೆದುಕೊಂಡು ಇರುವುದು ಬಿಟ್ಟು 'ಗಂಧಮಾದನ ನಗೆ ಸಂಜೆ' ಅಂತ ಒಂದು ಕಾರ್ಯಕ್ರಮಕ್ಕೆ ದುಡ್ಡು ಸುರಿದರು. ಅಲ್ಲಿ ಒಬ್ಬ ಹಾಸ್ಯಗಾರ ನಂದಿಯ ಮೇಲೆ ಏನೋ ಒಂದು ನಗೆಮಾತು ಹೇಳಿದ. ಅದು ತಾಲ್ಲೂಕು ಕಛೇರಿಯ ನಿವೃತ್ತ ಸೂಪರಿಂಟೆಂಡೆಂಟ್, ಸೋಮವಾರದ ಭಜನಾ ಸಂಘದ ಅಧ್ಯಕ್ಷ ಗುರುಮಲ್ಲಪ್ಪನವರ ಕಿವಿಗೆ ಬಿತ್ತು. ಮುಗಿಯಿತಲ್ಲ! ಹತ್ತು ದಿನದಿಂದ ಅವರು ಮನೆಮನೆ ಹತ್ತಿ ಇಳಿದು ರುಜು ಹಾಕಿಸಿಕೊಂಡು, ಈಗ ಒಂದು ಉದ್ದನೆಯ ಅರ್ಜಿಯನ್ನು ಕಂಕುಳಲ್ಲಿಟ್ಟುಕೊಂಡು ಬಂದು ನಿಂತಿದ್ದರು. ಸಂಜೆಯ ಟಪಾಲಿಗೆ ಅದು ಕಂಪನಿಗೆ ರಿಜಿಸ್ಟರ್ ಆಗಿ ಹೋಗುವುದಿತ್ತು.

ಲಕ್ಷ್ಮೀನರಸಿಂಹಯ್ಯ: ಮಾತು ಹೇಳಿದವನು ಹಾಸ್ಯಗಾರ. ಪಾಪ, ಊದುಬತ್ತಿ ಏನು ಮಾಡಿತ್ರೀ? ಅದಕ್ಕೇನು ಬಾಯಿದೆಯೆ?

ಗುರುಮಲ್ಲಪ್ಪ: ಬಾಯಿ ಅವನ್ದು, ಮೈಕು ಕಂಪನೀದು.

ಲಕ್ಷ್ಮೀನರಸಿಂಹಯ್ಯ: ಮಾತಾಡೋದಕ್ಕೆ ಸಂವಿಧಾನದಲ್ಲಿ ಹಕ್ಕು ಕೊಟ್ಟಿದಾರೆ.

ಗುರುಮಲ್ಲಪ್ಪ: ನಾನೇನು ಇಲ್ಲ ಅಂದ್ನಾ? ಅವನಿಗೆ ಮಾತಾಡೋ ಹಕ್ಕು, ನನಗೆ ನೊಂದ್ಕಳೋ ಹಕ್ಕು. ಅವನಿಗಾದ್ರೆ ಸ್ಟೇಜು, ಲೈಟು, ಹಾರ. ನೊಂದ್ಕಳೋನಿಗೆ ಒಂದು ಕುರ್ಚಿನಾದ್ರೂ ಹಾಕ್ತಾರಾ?

ಲಕ್ಷ್ಮೀನರಸಿಂಹಯ್ಯ ಕುರ್ಚಿ ಹಾಕಿದರು. ಗುರುಮಲ್ಲಪ್ಪ ಕೂತು ಅರ್ಜಿಯನ್ನು ಎದುರಿಗೆ ಬಿಚ್ಚಿಟ್ಟರು. ಲಕ್ಷ್ಮೀನರಸಿಂಹಯ್ಯ ಅದರ ಮೇಲೆ ಕಣ್ಣಾಡಿಸಿದರು.

ಲಕ್ಷ್ಮೀನರಸಿಂಹಯ್ಯ: ಕಂಪನೀ ವಿಷಯ ಹಾಳಾಗಿ ಹೋಗಲಿ. ನಾನು ನಿಮಗೇನು ಮಾಡಿದ್ದೆ? ಮೂರನೇ ಬೇಡಿಕೆ ಓದಿ ನನಗೆ ಎದೆ ಧಸಕ್ ಅಂತು ಕಣ್ರೀ. 'ಸದರಿ ಕಂಪನಿಯು ತನ್ನ ಒಂಟಿಕೊಪ್ಪಲು ಏಜೆಂಟರನ್ನು ತಕ್ಷಣ ಬದಲಾಯಿಸತಕ್ಕದ್ದು' ಅಂತ ಬರೆದಿದೀರಿ! ಆ ಏಜೆಂಟ್ ಯಾರು ಅಂತ ಗೊತ್ತೆ?

ಗುರುಮಲ್ಲಪ್ಪ: ನೀವೇ. ಯಾಕೆ?

ಲಕ್ಷ್ಮೀನರಸಿಂಹಯ್ಯ: ಯಾಕೆ ಅಂತೀರಾ! ಅದು ಹೋದರೆ ನಾನು ಅಂಗಡಿ ಬಾಗಿಲು ಹಾಕೋದೇ!

ಗುರುಮಲ್ಲಪ್ಪ: ನಿಮ್ಮ ಮೇಲೆ ನನಗೇನೂ ಇಲ್ಲ ಸ್ವಾಮಿ, ದೇವರಾಣೆ. ಒಂದನೇದು ಕ್ಷಮಾಪಣೆ, ಎರಡನೇದು ಇಂಥ ಕಾರ್ಯಕ್ರಮಕ್ಕೆ ಇನ್ಮೇಲೆ ದುಡ್ಡು ಕೊಡಬಾರ್ದು ಅಂತ. ಅಲ್ಲಿಗೆ ಎರಡೇ ಆಯ್ತು. ಅರ್ಜಿ ಅಂದ್ಮೇಲೆ ಬೇಡಿಕೆ ಮೂರಾದ್ರೂ ಇರಬೇಕಲ್ವಾ? ಮೂವತ್ನಾಕು ವರ್ಷ ಸರ್ವೀಸು, ಎರಡು ಬೇಡಿಕೆ ಅರ್ಜೀನ ನಾನು ಒಂದು ದಿನಾನೂ ಮೇಲಕ್ಕೆ ಕಳಿಸಿದೋನಲ್ಲ.

ಲಕ್ಷ್ಮೀನರಸಿಂಹಯ್ಯನವರಿಗೆ ಸಿಟ್ಟೂ ಬಂತು, ಅಳುವೂ ಬಂತು. ಇಪ್ಪತ್ತೆರಡು ವರ್ಷದ ಅನ್ನ ಒಬ್ಬ ನಿವೃತ್ತ ಸೂಪರಿಂಟೆಂಡೆಂಟರ ಲೆಕ್ಕ ಸರಿಹೋಗಲಿ ಅಂತ ಹೋಗುವುದೆ! ಎರಡನ್ನೂ ನುಂಗಿಕೊಂಡು, ಹೇಗಾದರೂ ಮಾಡಿ ಟಪಾಲು ಹೊರಡುವ ತನಕ ಇವರನ್ನು ಕುರ್ಚಿಯಲ್ಲೇ ಕೂರಿಸಬೇಕು ಅಂತ ಮಾತು ಎಳೆದರು.

ಲಕ್ಷ್ಮೀನರಸಿಂಹಯ್ಯ: ಹೋಗಲಿ, ಅವನು ಹೇಳಿದ್ದಾದರೂ ಏನು? ನಾನು ಅಂಗಡಿ ಬಿಟ್ಟು ಹೋಗೋ ಹಾಗಿರಲಿಲ್ಲ. ಅರ್ಜೀಲಿ ಬರೀ 'ಸದರಿ ಮಾತು' ಅಂತ ಇದೆ.

ಗುರುಮಲ್ಲಪ್ಪ: ಬರೆದ್ರೆ ಓದ್ದೋರಿಗೂ ನೋವಾಗ್ತದೆ.

ಲಕ್ಷ್ಮೀನರಸಿಂಹಯ್ಯ: ಮತ್ತೆ ನಲವತ್ತಮೂರು ಜನ ಯಾವ ಮಾತಿಗೆ ಅಂತ ರುಜು ಹಾಕಿದ್ರು?

ಗುರುಮಲ್ಲಪ್ಪ: ಅವ್ರಿಗೆ ಬಾಯಲ್ಲಿ ಹೇಳ್ದೆ. ಅನಿವಾರ್ಯ.

ಲಕ್ಷ್ಮೀನರಸಿಂಹಯ್ಯ: ನನಗೂ ಬಾಯಲ್ಲೇ ಹೇಳಿ.

ಗುರುಮಲ್ಲಪ್ಪ: ಬ್ಯಾಡಿ, ನೊಂದ್ಕತೀರಿ.

ಲಕ್ಷ್ಮೀನರಸಿಂಹಯ್ಯ: ಪರವಾಗಿಲ್ಲ, ತಡ್ಕೋತೀನಿ.

ಗುರುಮಲ್ಲಪ್ಪ ರಸ್ತೆಯ ಆ ಕಡೆ ಈ ಕಡೆ ನೋಡಿದರು. ಕನ್ನಡಕ ತೆಗೆದು ಜೇಬಿಗಿಟ್ಟರು. ಆಮೇಲೆ ಕುರ್ಚಿಯಿಂದ ಇಳಿದು, ಎರಡು ಕೈಯನ್ನೂ ನೆಲಕ್ಕೂರಿ, ಅಂಗಡಿ ಮೆಟ್ಟಿಲ ಮೇಲೆ ಸಾಕ್ಷಾತ್ ನಂದಿಯ ಹಾಗೆ ಕೂತುಬಿಟ್ಟರು.

ಗುರುಮಲ್ಲಪ್ಪ: ಒಬ್ಬ ಅಳಿಯ ಗುಡಿಗೆ ಬಂದ್ನಂತೆ. ನಂದಿ ಬಲಗಿವಿಗೆ ಬಾಯಿಟ್ಟು, 'ಸ್ವಾಮೀ, ನಮ್ಮತ್ತೆ ಊರಿಗೋಗೋ ಹಂಗೆ ಮಾಡಪ್ಪಾ' ಅಂದ್ನಂತೆ. ನಂದಿ ಕತ್ತು ಹಿಂಗೆ ತಿರುಗಿಸಿ... ಹಿಂಗೆ... 'ಸ್ವಲ್ಪ ತಡಿಯಪ್ಪ. ಎಡಗಿವೀಲಿ ನಿಮ್ಮತ್ತೆ ಸೋಮವಾರ ಶುರು ಮಾಡಿದ್ದು ಇನ್ನೂ ಮುಗ್ದಿಲ್ಲ. ಲೈನು ಎಂಗೇಜು!' ಅಂತಂತೆ.

ಲಕ್ಷ್ಮೀನರಸಿಂಹಯ್ಯನವರು ತಡೆದರು. ಹಲ್ಲು ಕಚ್ಚಿ ತಡೆದರು. ಕಡೆಗೆ ಕುಂಕುಮದ ಡಬ್ಬಿಗೇ ಬಗ್ಗಿ ಭುಸ್ ಅಂತ ನಕ್ಕುಬಿಟ್ಟರು. ತಲೆಯೆತ್ತಿದಾಗ ಮುಖವೆಲ್ಲ ಕೆಂಪಾಗಿತ್ತು.

ಗುರುಮಲ್ಲಪ್ಪ: ನಕ್ಕರಾ?

ಲಕ್ಷ್ಮೀನರಸಿಂಹಯ್ಯ: ಇಲ್ಲಪ್ಪ, ಕೆಮ್ಮು.

ಗುರುಮಲ್ಲಪ್ಪ: ಚೆಲುವಯ್ಯನೋರೂ ಹಿಂಗೇ ಕೆಮ್ಮಿದ್ರು. ಪಾಪ, ಭಾಳ ನೊಂದ್ಕಂಡ್ರು. ಮನೆಯೋರನ್ನೆಲ್ಲ ಕರೆದು ಇನ್ನೊಂದು ಸಲ ಹೇಳಿ ಅಂದ್ರು. ಶ್ರೀರಾಂಪುರದಲ್ಲಿ ನಮ್ಮ ಷಡ್ಡಕರ ಮನೇಲಂತೂ ನೋವು ತಡೀಲಾರ್ದೆ ಒಬ್ಬರು ಮಂಚದಿಂದ ಬಿದ್ರು.

ಲಕ್ಷ್ಮೀನರಸಿಂಹಯ್ಯ: ಹಾಸ್ಯಗಾರ ಹೇಳಿದಾಗ ಸಭೆ ಏನು ಮಾಡ್ತು?

ಗುರುಮಲ್ಲಪ್ಪ: ಏನೂ ಇಲ್ಲ. ಮೈಕು ಕುಂಯ್ ಅಂತಿತ್ತು. ಮುಂದಿನ ಸಾಲಲ್ಲಿದ್ದ ನನಗೊಬ್ಬನಿಗೇ ಕೇಳ್ಸಿದ್ದು. ಅದೂ ಕೆಟ್ಟದಾಗಿ ಹೇಳ್ದ ಸ್ವಾಮಿ. ಕತ್ತು ತಿರುಗಿಸಲೇ ಇಲ್ಲ. ಅದು ನಾನು ಸೇರಿಸಿದ್ದು.

ಲಕ್ಷ್ಮೀನರಸಿಂಹಯ್ಯನವರ ಕೆಮ್ಮು ನಿಂತಿತು. ಅವರು ಮೆಲ್ಲಗೆ ಅರ್ಜಿಯನ್ನು ಎಳೆದುಕೊಂಡು ರುಜುವಿನ ಹಾಳೆ ತಿರುಗಿಸಿದರು. ಸ್ಕೇಲು ಹಿಡಿದು ಎಳೆದ ಗೆರೆ, ಐದು ಕಾಲಂ, ಎಲ್ಲ ಅಚ್ಚುಕಟ್ಟು.

ಲಕ್ಷ್ಮೀನರಸಿಂಹಯ್ಯ: ಈ ಕಾಲಂ ಹಾಕಿದ್ದು ಯಾರು?

ಗುರುಮಲ್ಲಪ್ಪ: ಇನ್ಯಾರು? ಕ್ರಮಸಂಖ್ಯೆ, ಹೆಸರು, ನೋವಾದ ದಿನಾಂಕ, ಸದರಿ ಮಾತನ್ನು ಯಾರಿಂದ ಕೇಳಿದಿರಿ, ರುಜು. ಒಂದು ಕಾಲಂ ಖಾಲಿ ಬುಟ್ಟಿದ್ರೂ ನಾನು ರುಜು ತಗಂಡಿಲ್ಲ.

ಲಕ್ಷ್ಮೀನರಸಿಂಹಯ್ಯ: ಓದಿದ್ರಾ?

ಗುರುಮಲ್ಲಪ್ಪ: ತುಂಬಿದಾರಾ ಅಂತ ನೋಡ್ದೆ.

ಲಕ್ಷ್ಮೀನರಸಿಂಹಯ್ಯ: ನಾನು ಓದ್ತೀನಿ ಕೇಳಿ. ಒಂದು, ಚೆಲುವಯ್ಯ, 'ಯಾರಿಂದ ಕೇಳಿದಿರಿ': ಗುರುಮಲ್ಲಪ್ಪನವರಿಂದ. ಎರಡು, ಚನ್ನಬಸವಯ್ಯ: ಗುರುಮಲ್ಲಪ್ಪನವರಿಂದ. ಮೂರು, ಗಿರಿಜಾಂಬಾ: ಗುರುಮಲ್ಲಪ್ಪನವರಿಂದ, ಎರಡು ಸಲ. ನಾಲ್ಕು, ಮೇಲಿನಂತೆ. ಐದು, ಮೇಲಿನಂತೆ. ನಲವತ್ತಮೂರರ ತನಕ ಮೇಲಿನಂತೆ!

ಗುರುಮಲ್ಲಪ್ಪ ಕನ್ನಡಕ ಹುಡುಕಿ ಹಾಕಿಕೊಂಡರು. ಹಾಳೆಯನ್ನು ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು. ಎಷ್ಟು ದೂರ ಹಿಡಿದರೂ ಹೆಸರು ಅವರದೇ.

ಗುರುಮಲ್ಲಪ್ಪ: ನಾನು ಹೇಳಿದ್ದು ನೋಯ್ಸಕ್ಕಲ್ಲ ಸ್ವಾಮಿ. ನೋವಾಗೈತೆ ಅಂತ ತಿಳಿಸಕ್ಕೆ!

ಲಕ್ಷ್ಮೀನರಸಿಂಹಯ್ಯ: ಅದು ನನಗೆ ಗೊತ್ತು. ಕಂಪನಿಯವರು ಓದಿದರೆ, ಈ ಗುರುಮಲ್ಲಪ್ಪ ಅನ್ನೋನು ಯಾರು, ಅವನನ್ನ ಮೊದಲು ಹಿಡೀರಿ ಅನ್ನಲ್ವೆ? ಹರಿದುಹಾಕಿ ಅತ್ಲಾಗೆ, ಯಾರಿಗೂ ಗೊತ್ತಾಗಲ್ಲ.

ಗುರುಮಲ್ಲಪ್ಪ ಹರಿಯಲು ಎರಡು ಕೈಯಲ್ಲೂ ಹಿಡಿದರು. ಲಕ್ಷ್ಮೀನರಸಿಂಹಯ್ಯನವರಿಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಅಂಗಡಿ ಮುಂದೆ ಒಂದು ಆಟೋ ನಿಂತು, ಗುರುಮಲ್ಲಪ್ಪನವರ ಧರ್ಮಪತ್ನಿ ಸಿದ್ದಲಿಂಗಮ್ಮ ಸೆರಗು ಬಿಗಿದುಕೊಂಡೇ ಇಳಿದರು. ಆಟೋದ ಒಳಗೆ ಅವರ ತಾಯಿ ಬೆಟ್ಟಮ್ಮ ಹಣ್ಣುಕಾಯಿ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ಸಿದ್ದಲಿಂಗಮ್ಮ: ಹರೀಬ್ಯಾಡಿ! ಕೊಡಿ ಇಲ್ಲಿ ಅದನ್ನ.

ಗುರುಮಲ್ಲಪ್ಪ: ನಿನಗ್ಯಾಕೆ? ಅವತ್ತು ರುಜು ಹಾಕು ಅಂದ್ರೆ ಒಲೆ ಮೇಲೆ ಹಾಲೈತೆ ಅಂದೆ.

ಸಿದ್ದಲಿಂಗಮ್ಮ: ಅವತ್ತು ನೋವಾಗಿರ್ಲಿಲ್ಲ, ಇವತ್ತಾಗೈತೆ. ನೋಡಿ ಸ್ವಾಮಿ, ಈಗ ಗುಡೀಲಿ ನಮ್ಮವ್ವ ನಂದಿ ಕಿವೀಗೆ ಬಾಯಿಟ್ರೆ, ಆ ಗಿರಿಜಾಂಬಾನೋರು ಹಿಂದೆ ನಿಂತ್ಕಂಡು 'ಏನಮ್ಮಾ, ಲೈನ್ ಸಿಕ್ತಾ?' ಅಂದ್ರು. ಗುಡಿಗೆ ಗುಡಿಯೇ ಗೊಳ್ ಅಂತು! ವಿಚಾರ್ಸಿದ್ರೆ ಎಲ್ಲಾ ಇವ್ರದ್ದೇ ಪ್ರಚಾರ. ನಂದಿ ಮರ್ಯಾದೆ ಉಳಿಸ್ತೀನಿ ಅಂತ ಹೋಗಿ ನಮ್ಮವ್ವನ ಮರ್ಯಾದೆ ಕಳೆದವ್ರೆ.

ಗುರುಮಲ್ಲಪ್ಪ: ಲೇ, ಅದರಲ್ಲಿ ಬರೋ ಅತ್ತೆ ಬೇರೆ ಕಣೇ!

ಸಿದ್ದಲಿಂಗಮ್ಮ: ಪ್ರತಿ ಸೋಮವಾರ ಎಡಗಿವೀಲಿ ಮಾತಾಡೋ ಅತ್ತೆ ಈ ಒಂಟಿಕೊಪ್ಪಲಲ್ಲಿ ಇನ್ಯಾರವ್ರೆ?

ಗುರುಮಲ್ಲಪ್ಪ ಲಕ್ಷ್ಮೀನರಸಿಂಹಯ್ಯನವರ ಮುಖ ನೋಡಿದರು. ಲಕ್ಷ್ಮೀನರಸಿಂಹಯ್ಯನವರು ಕರ್ಪೂರ ಎಣಿಸುತ್ತಿದ್ದರು. ಸಿದ್ದಲಿಂಗಮ್ಮ ಗಂಡನ ಜೇಬಿಂದಲೇ ಪೆನ್ನು ಕಿತ್ತುಕೊಂಡು ನಲವತ್ತನಾಲ್ಕನೇ ಸಾಲು ತುಂಬಿದರು. ಒಂದು ಕಾಲಮ್ಮನ್ನೂ ಖಾಲಿ ಬಿಡಲಿಲ್ಲ.

ಸಿದ್ದಲಿಂಗಮ್ಮ: ಈಗ ಬೇಡಿಕೆ. ಬರೆದೋರು ನೀವೇ, ಕೇಳಿ. 'ಒಂದು: ತಪ್ಪಿತಸ್ಥರು ನೊಂದವರ ಸಮ್ಮುಖದಲ್ಲಿ ನಿಂತು, ಯಾವ ಮಾತಿಗೆಂದು ಸ್ಪಷ್ಟಪಡಿಸಿ, ಗಟ್ಟಿಯಾಗಿ ಬೇಷರತ್ ಕ್ಷಮಾಪಣೆ ಕೇಳತಕ್ಕದ್ದು.' ನಮ್ಮವ್ವ ಆಟೋದಲ್ಲೇ ಅವ್ರೆ. ಹೊರಡಿ.

ಗುರುಮಲ್ಲಪ್ಪ: ಬೇಷರತ್ತಾ? ಒಂದೆರಡು ಷರತ್ತಾದ್ರೂ ಇರ್ಲಿ ಕಣೇ.

ಲಕ್ಷ್ಮೀನರಸಿಂಹಯ್ಯ: ಸುಮ್ಮನೆ ಹೋಗ್ರೀ ಮಹರಾಯರೇ!

ಗುರುಮಲ್ಲಪ್ಪ ಆಟೋ ಪಕ್ಕ ಹೋಗಿ ಕೈ ಮುಗಿದರು.

ಗುರುಮಲ್ಲಪ್ಪ: ಅತ್ತೆ, ತಪ್ಪಾಯ್ತು.

ಬೆಟ್ಟಮ್ಮ: ಆಂ? ಏನು ಅಳಿಯಂದ್ರೇ? ಉಪ್ಪಾಯ್ತಾ?

ಬೆಟ್ಟಮ್ಮನವರ ಕಿವಿ ಮೊದಲಿನಿಂದಲೂ ಸ್ವಲ್ಪ ಮಂದ. ಗುಡಿಯಲ್ಲಿ ಎಲ್ಲರೂ ನಕ್ಕಿದ್ದು ಅವರಿಗೆ ಕಂಡಿತ್ತೇ ಹೊರತು, ಯಾಕೆ ಅಂತ ಕೇಳಿಸಿರಲಿಲ್ಲ. ಗುರುಮಲ್ಲಪ್ಪ ಹಿಂದಿರುಗಿ ನೋಡಿದರು. ಸಿದ್ದಲಿಂಗಮ್ಮ 'ಸ್ಪಷ್ಟಪಡಿಸಿ, ಗಟ್ಟಿಯಾಗಿ' ಅನ್ನುವ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು. ಬೇರೆ ದಾರಿಯೇ ಇರಲಿಲ್ಲ. ಗುರುಮಲ್ಲಪ್ಪ ಆಟೋದೊಳಕ್ಕೆ ತಲೆ ಹಾಕಿ, ಅಳಿಯ, ಗುಡಿ, ಬಲಗಿವಿ, ಎಡಗಿವಿ, ಸೋಮವಾರ, ಎಲ್ಲವನ್ನೂ ಕಿರುಚಿ ಕಿರುಚಿ ಹೇಳಿದರು. ಮಾತಿನ ಭರದಲ್ಲಿ ಕತ್ತನ್ನೂ ತಿರುಗಿಸಿದರು. ಎದುರಿನ ಎಸ್‌ಟಿಡಿ ಬೂತಿನವರು ಆಚೆ ಬಂದು ನಿಂತು ಕೇಳಿದರು. ಆಟೋದವನಂತೂ ಹ್ಯಾಂಡಲ್ ಮೇಲೆ ತಲೆಯಿಟ್ಟು ನಗತೊಡಗಿದ. ಬೆಟ್ಟಮ್ಮ ಮಾತ್ರ ನಗಲಿಲ್ಲ. ಅಳಿಯನ ಮುಖವನ್ನೇ ದಿಟ್ಟಿಸಿದರು. ಲಕ್ಷ್ಮೀನರಸಿಂಹಯ್ಯನವರು ಏಜೆನ್ಸಿಯನ್ನೂ ಮರೆತು, ಇನ್ನೇನು ಗ್ರಹಚಾರ ಕಾದಿದೆಯೋ ಅಂತ ಮೆಟ್ಟಿಲಿಳಿದು ಬಂದರು.

ಬೆಟ್ಟಮ್ಮ: ನಾನು ನಿಮ್ಮನೆ ಬುಟ್ಟೋಗ್ಬೇಕು ಅಂತ ನೀವು ಬೇಡ್ಕಂಡ್ರಾ?

ಗುರುಮಲ್ಲಪ್ಪ: ಅಯ್ಯೋ ಇಲ್ಲ ಅತ್ತೆ! ಅವ ಬೇರೆ ಅಳಿಯ!

ಬೆಟ್ಟಮ್ಮ: ಅಂಗಾರೆ ಸರಿ. ನಾನು ಬಸವಣ್ಣನ ಕಿವೀಲಿ ಹೇಳ್ತಿದ್ದದ್ದು ನಿಮ್ಮ ವಿಚಾರಾನೇ. ರಿಟೇರಾಗಿ ಎರಡು ವರ್ಷದಿಂದ ಅಡುಗೆಮನೇಲಿ ಕುಂತು, ಸಾಸಿವೆ ಯಾಕೆ ಇಷ್ಟಾಕ್ದೆ, ಹಾಲು ಯಾಕೆ ಉಕ್ತು ಅಂತ ನನ್ನ ಮಗಳ ಜೀವ ತಿಂತಾವ್ರೆ, ಇವ್ರಿಗೊಂದು ಕೆಲ್ಸ ಕೊಡಪ್ಪಾ ಅಂತ. ಅಷ್ಟೊತ್ತು ಬೇಕಾಯ್ತದೆ ಅದನ್ನ ಹೇಳಕ್ಕೆ.

ಸಿದ್ದಲಿಂಗಮ್ಮ: ಅವ್ವಾ!

ಬೆಟ್ಟಮ್ಮ: ಇರು ಮಗ. ಕೊಟ್ನಲ್ಲ ಬಸವಣ್ಣ! ಹತ್ತು ದಿನದಿಂದ ಬೆಳಿಗ್ಗೆ ಹೋದೋರು ಸಂಜೆಗೆ ಬತ್ತಾವ್ರೆ. ಮನೆ ಎಷ್ಟು ತಣ್ಣಗೈತೆ!

ಸಿದ್ದಲಿಂಗಮ್ಮ ಏನೋ ಹೇಳಲು ಬಾಯಿ ತೆರೆದರು. ಹತ್ತು ದಿನ ನೆನೆಸಿಕೊಂಡರು. ಬಾಯಿ ಮುಚ್ಚಿ, ಅರ್ಜಿಯನ್ನು ನಾಲ್ಕು ಚೂರು ಮಾಡಿ, ಪೆನ್ನನ್ನು ಮಾತ್ರ ಜೋಪಾನವಾಗಿ ಒರೆಸಿ ಗಂಡನ ಜೇಬಿಗೆ ಸಿಕ್ಕಿಸಿದರು.

ಬೆಟ್ಟಮ್ಮ: ಸ್ವಾಮಿ, ಬಸವಣ್ಣನಿಗೆ ಹರಕೆ ತೀರಿಸ್ಬೇಕು. ಊದುಬತ್ತಿ ದೊಡ್ಡ ಕಟ್ಟು ಕೊಡಿ.

ಲಕ್ಷ್ಮೀನರಸಿಂಹಯ್ಯ: ಯಾವ ಕಂಪನೀದು ಕೊಡಲಿ ತಾಯಿ?

ಬೆಟ್ಟಮ್ಮ: ನಮ್ಮ ಅಳಿಯಂದ್ರಿಗೆ ಕೆಲ್ಸ ಕೊಟ್ಟ ಕಂಪನೀದೇ ಕೊಡಿ. ಅಳಿಯಂದ್ರೇ, ಇದು ಮುಗೀತು ಅಂತ ಮನೆಗೆ ಬಂದು ಕುಂತ್ಕಬ್ಯಾಡಿ ಮತ್ತೆ. ಸೋಪಿನೋರು, ಹಲ್ಲುಪುಡಿಯೋರು ಏಟೊಂದು ಜನ ಅವ್ರೆ, ಯಾರಾದ್ರೂ ಏನಾದ್ರೂ ಅಂದೇ ಇರ್ತಾರೆ, ನೋಡಿ!