ಮಣಿಯೊಳಗಿನ ಜೇಡ

ನಮ್ಮನೇಲಿ ಇಂಥವು ಆಗ್ತಾನೇ ಇದ್ದವು. ನಗಿಸೋಳು ನನ್ನ ಹೆಂಡತಿ. ನಾನು ಹತ್ತಿ ಗಿರಣಿಯವನು, ಮಾತು ಕಡಿಮೆ. ಈಗ ಅವಳಿಲ್ಲ. ಹೇಳೋ ಕೆಲಸ ನನಗೆ ಬಿತ್ತು.

೧. ಕೊಂಡದ್ದು

ಹರಿಹರದ ಸ್ಟೇಷನ್ ಹತ್ತಿರ ಒಬ್ಬರು ಮುದುಕ ಸಾಬ್ರು ಮಣಿ ಮಾರ್ತಿದ್ದರು. ಒಂದು ಮಣಿ ಬೆಲ್ಲದ ಪಾಕದ ಬಣ್ಣ. ಒಳಗೊಂದು ಸಣ್ಣ ಜೇಡ, ಕಾಲು ಮಡಚಿಕೊಂಡು ಕೂತಿತ್ತು.

"ಅಂಬರು ತಾಯಿ, ಹಳೇ ಮಾಲು," ಅಂದರು ನನ್ನ ಹೆಂಡತಿಗೆ.

"ಒಳಗೆ ಹುಳ ಐತಲ್ರಿ," ಅಂದೆ.

ಅವಳು ಜೇಡವನ್ನು ನೋಡಿದಳು, ನನ್ನನ್ನು ನೋಡಿದಳು. "ಇರಲಿ ಬಿಡ್ರಿ. ನಿಮ್ಮಂಗೇ ಐತೆ. ಮಾತಿಲ್ಲ ಕತೆಯಿಲ್ಲ, ಕೂತಲ್ಲೇ ಕೂತೈತೆ."

ಕೊಂಡೇಬಿಟ್ಟಳು.

೨. ವಯಸ್ಸು

ನಿಟ್ಟುವಳ್ಳಿಯ ನಮ್ಮ ಬೀದಿಯಲ್ಲಿ ಒಬ್ಬರು ಕಾಲೇಜು ಮೇಷ್ಟ್ರಿದ್ದರು. ಮಣಿಯನ್ನು ಬಿಸಿಲಿಗೆ ಹಿಡಿದರು. "ಇದು ಕಲ್ಲಲ್ಲಮ್ಮ, ಮರದ ಅಂಟು. ಜೇಡ ಅದರಲ್ಲಿ ಸಿಕ್ಕಿ ಸತ್ತಿದೆ. ಮನುಷ್ಯರು ಹುಟ್ಟೋಕೂ ಮುಂಚೆ, ಕೋಟ್ಯಂತರ ವರ್ಷದ ಹಿಂದೆ."

ಅವಳು ನನ್ನ ಕಡೆ ತಿರುಗಿದಳು. "ನೋಡ್ರಿ, ಇದು ಅವತ್ತಿಂದ ಊಟ ಕೇಳಿಲ್ಲ. ನೀವು ಬೆಳಗಿಂದ ಎಷ್ಟು ಸಲ ಕೇಳಿದ್ರಿ?"

೩. ಬೊಕ್ಕೆ

ಪಕ್ಕದ ಮನೆ ಅಕ್ಕ ಆ ಮಣಿ ಕೊರಳಿಗೆ ಹಾಕಿ ಕನ್ನಡಿ ನೋಡಿಕೊಂಡಿದ್ದಳು. ಮಾರನೇ ದಿನ ಕುತ್ತಿಗೆ ತುಂಬ ಬೊಕ್ಕೆ. ಜೇಡ ಉಚ್ಚೆ ಹೊಯ್ದರೆ ಹಂಗಾಗ್ತದೆ ಅಂತ ನಮ್ಮ ಕಡೆ ನಂಬಿಕೆ. ಅಕ್ಕ ಬಾಗಿಲಿಗೇ ಬಂದಳು.

"ಅದು ಸತ್ತು ಕೋಟಿ ವರ್ಷ ಆಗೈತಕ್ಕ," ಅಂದೆ.

"ಅದಕ್ಕೇ ಹಿಂಗೆ ಉರೀತೈತೆ ತಮ್ಮ! ಅಷ್ಟು ವರ್ಷ ಕಟ್ಕಂಡು ಕೂತಿತ್ತು!"

ನನ್ನ ಹೆಂಡತಿ ಅಕ್ಕನನ್ನು ಕೂರಿಸಿ ಅರಿಶಿನ ಹಚ್ಚಿದಳು. ಅಕ್ಕ ಹೋದ ಮೇಲೆ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು.

೪. ಒದ್ದೆ

ಜ್ವರ ಬಂತು, ಇಳಿಯಲಿಲ್ಲ. ಅವಳು ಹೋದಳು. ಮಣಿ ಕೊರಳಲ್ಲೇ ಇತ್ತು.

ಹೆಣ ಎತ್ತೋ ಮುಂಚೆ ದೊಡ್ಡಪ್ಪ ಅಂದರು, "ಮೆಚ್ಚಿ ಹಾಕ್ಕೊಂಡಿದ್ದು. ಜೊತೇಲೇ ಮಣ್ಣಿಗೆ ಹೋಗಲಿ."

ನನಗೆ ಅದೊಂದು ಬೇಕಿತ್ತು. ಹಿರಿಯರಿಗೆ ಎದುರಾಡಿದವನಲ್ಲ ನಾನು.

ಪಕ್ಕದ ಮನೆ ಅಕ್ಕ ಅಳ್ತಾ ನುಗ್ಗಿ ಬಂದಳು. "ಬ್ಯಾಡ್ರಿ ಯಜಮಾನ್ರೇ! ಆ ಜೇಡ ಇವಳ ಜೊತೆ ಮುಚ್ಚಬ್ಯಾಡ್ರಿ. ಅಲ್ಲಿ ಒಬ್ಬಳೇ ಇರ್ತಾಳೆ. ಮೈಯೆಲ್ಲ ಬೊಕ್ಕೆ ಎದ್ದರೆ ಅರಿಶಿನ ಹಚ್ಚೋರು ಯಾರು?"

ಹಿಂದೆ ಯಾರೋ ಕಿಸಕ್ಕಂದರು. ದೊಡ್ಡಪ್ಪ ಟವೆಲ್ಲು ಬಾಯಿಗೆ ಅಡ್ಡ ಹಿಡಿದರು. ಆಮೇಲೆ ದಾರ ಬಿಚ್ಚಿ ಮಣಿಯನ್ನು ನನ್ನ ಕೈಗೆ ಹಾಕಿದರು.

ಈಗ ಸಂಜೆ ಕಟ್ಟೆ ಮೇಲೆ ಅದನ್ನ ಹಿಡಕೊಂಡು ಕೂಡ್ತೀನಿ. ಒಂದೊಂದು ದಿನ ಮಣಿ ಒದ್ದೆಯಾಗ್ತದೆ. ಪಕ್ಕದ ಮನೆ ಅಕ್ಕ ಬಗ್ಗಿ ನೋಡಿ, "ನೋಡು ತಮ್ಮ, ಜೇಡ ಇನ್ನೂ ಹೊಯ್ತೈತೆ. ನಾನು ಅವತ್ತೇ ಹೇಳಿದ್ದೆ," ಅಂತಾಳೆ.

ನಾನು ಹೂಂ ಅಂತೀನಿ.