ಮನೆಯನ್ನು ಎಡಕ್ಕೆ ತಿರುಗಿಸಿದ ಮೇಷ್ಟ್ರು

ಲೆಕ್ಕದ ಮೇಷ್ಟ್ರು ಒಂದು ಕೆಲಸವನ್ನು ಮನಸ್ಸಿಗೆ ತಂದುಕೊಂಡರೆ ಯಾರು ಬಂದು ಹೇಳಿದರೂ ಬಿಡುವವರಲ್ಲ. ಕೆಲಸ ಕೆಟ್ಟ ಮೇಲಂತೂ ಬಿಡುವ ಪ್ರಶ್ನೆಯೇ ಇಲ್ಲ.

ಈ ಸಲ ಅವರ ತಲೆಗೆ ಹುಳ ಬಿಟ್ಟಿದ್ದು ಬ್ಯಾಂಕಿನ ಪೆನ್ನು. ಕೌಂಟರಿನ ಬಲತುದಿಗೆ ಗೇಣುದ್ದದ ದಾರ ಕಟ್ಟಿ ಅದನ್ನು ನೇತುಹಾಕಿದ್ದರು. ಮೇಷ್ಟ್ರ ಹೆಂಡತಿ ಹೊಲಿಗೆಯವರು, ಹುಟ್ಟಾ ಎಡಗೈಯವರು. ಆ ದಾರದ ಅಳತೆಗೆ ತಕ್ಕಂತೆ ಆಕೆ ಬಿಲ್ಲಿನ ಹಾಗೆ ಬಾಗಿ ಸಹಿ ಹಾಕುವುದನ್ನು ನೋಡಿ ಮೇಷ್ಟ್ರ ರಕ್ತ ಕುದಿಯಿತು.

"ಪೆನ್ನು ಬಲಕ್ಕೆ, ಬಾಗಿಲ ಹಿಡಿ ಬಲಕ್ಕೆ, ಕತ್ತರಿ ಬಲಕ್ಕೆ. ಎಡಗೈಯವರು ಯಾರಿಗೆ ಏನು ಅನ್ಯಾಯ ಮಾಡಿದ್ರು?" ಎಂದು ದಾರಿಯುದ್ದಕ್ಕೂ ಭಾಷಣ ಮಾಡಿದರು.

"ನನ್ನ ಚೀಲದಲ್ಲೇ ಒಂದು ಪೆನ್ನಿತ್ತು. ತೆಗೆಯೋಕೆ ಸೋಮಾರಿತನ ಆಯ್ತು. ಬಿಡಿ" ಎಂದರು ಹೆಂಡತಿ.

"ಬಿಡೋ ಮಾತೇ ಇಲ್ಲ. ಪ್ರಪಂಚ ಸರಿಮಾಡೋದು ನನ್ನ ಕೈಲಾಗದೇ ಇರಬಹುದು. ಮನೆ ಸರಿಮಾಡೋದನ್ನ ಎಡಗೈಲಿ ಮಾಡಿ ಬಿಸಾಕ್ತೀನಿ."

ಮೇಷ್ಟ್ರು ಬಲಗೈಯವರು ಎಂಬುದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು.

ಶನಿವಾರ ಹೆಂಡತಿ ತಂಗಿಯ ಮನೆಗೆ ಹೊರಟರು. ಭಾನುವಾರ ಸಂಜೆ ವಾಪಸು. ಆಕೆ ಬೀದಿಯ ತಿರುವು ದಾಟುವುದರೊಳಗೆ ಮೇಷ್ಟ್ರು ಪಂಚೆ ಎತ್ತಿಕಟ್ಟಿ ಸ್ಕ್ರೂಡ್ರೈವರ್ ಹಿಡಿದಿದ್ದರು. ಮೊದಲ ಬಲಿ ಫ್ರಿಜ್ಜು. ಬಾಗಿಲನ್ನು ಕಳಚಿ, ಕೀಲುಗಳನ್ನು ಆಚೆ ಬದಿಗೆ ಹಾಕಿ, ಎರಡು ಗಂಟೆಯಲ್ಲಿ ಮುಗಿಸಿದರು. ಕೆಲಸವೇನೋ ಅಚ್ಚುಕಟ್ಟು. ಆದರೆ ಆಚೆ ಬದಿಗೆ ಗೋಡೆಯಿತ್ತು. ಬಾಗಿಲು ಒಂದು ಗೇಣು ತೆರೆದು ಗೋಡೆಗೆ ಮುತ್ತಿಟ್ಟು ನಿಂತುಬಿಡುತ್ತಿತ್ತು. ಹಾಲಿನ ಪೊಟ್ಟಣ ಅಡ್ಡಡ್ಡ ಹೊರಬಂತು. ಒಳಗಿದ್ದ ಕಲ್ಲಂಗಡಿಗೆ ಮಾತ್ರ ಜೀವಾವಧಿ ಶಿಕ್ಷೆಯಾಯಿತು.

ಇಷ್ಟಕ್ಕೆ ಬುದ್ಧಿ ಬಂದಿದ್ದರೆ ಅವರು ಮೇಷ್ಟ್ರೇ ಅಲ್ಲ. ಬಚ್ಚಲಿಗೆ ನುಗ್ಗಿ ಬಿಸಿನೀರಿನ ಕೊಳವೆಯನ್ನು ತಣ್ಣೀರಿನ ನಲ್ಲಿಗೂ ತಣ್ಣೀರಿನದನ್ನು ಬಿಸಿನೀರಿನ ನಲ್ಲಿಗೂ ಜೋಡಿಸಿದರು. ಆಮೇಲೆ ಬಚ್ಚಲ ಬಾಗಿಲನ್ನೇ ಕಿತ್ತು ತಿರುಗಿಸಿ ಹಾಕಿದರು. ಒಳಗಿನ ಚಿಲಕ ಇಷ್ಟು ವರ್ಷ ಕಿಟಕಿಯ ಕಡೆಯಿತ್ತು, ಈಗ ನಲ್ಲಿಯ ಕಡೆಗೆ ಬಂತು.

ಮೇಷ್ಟ್ರ ತಾಯಿ ಮಂಡಿ ನೀವಿಕೊಳ್ಳುತ್ತ ಇದನ್ನೆಲ್ಲ ನೋಡುತ್ತಿದ್ದರು. "ಇದೆಲ್ಲ ಮಾಡು ಅಂತ ಅವಳು ಹೇಳಿದ್ಲಾ?"

"ಹೇಳಿಸಿಕೊಂಡು ಮಾಡಿದ್ರೆ ಅದು ಉಡುಗೊರೆ ಹೇಗಾಗುತ್ತಮ್ಮ?"

ಭಾನುವಾರ ಸಂಜೆ, ಸೊಸೆ ಬರುವ ಹೊತ್ತಿಗೆ ಸ್ನಾನ ಮುಗಿಸೋಣವೆಂದು ಮುದುಕಿ ಕನ್ನಡಕ ತೆಗೆದಿಟ್ಟು ಬಚ್ಚಲಿಗೆ ಹೋದರು. ಸ್ವಲ್ಪ ಹೊತ್ತಿಗೆ ಒಳಗಿಂದ ಒಂದು ಚೀತ್ಕಾರ ಬಂತು. ಬಿಸಿನೀರಿಗೆಂದು ತಿರುಗಿಸಿದ ನಲ್ಲಿ ಮಂಜಿನಂಥ ನೀರನ್ನು ತಲೆಗೆ ಸುರಿದಿತ್ತು. ನಲ್ಲಿ ನಿಲ್ಲಿಸಿ, ಸೀರೆ ಸುತ್ತಿಕೊಂಡು ಬಾಗಿಲಿಗೆ ಬಂದರೆ ಚಿಲಕ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಕೈ ತನ್ನ ಹಳೇ ರೂಢಿಯಂತೆ ಅದನ್ನು ನಲ್ಲಿಯ ಕಡೆಗೇ ಎಳೆಯುತ್ತಿತ್ತು. ಎಳೆದಷ್ಟೂ ಅದು ಬಿಗಿಯಾಗುತ್ತಿತ್ತು.

"ಅಮ್ಮ, ಬಲಕ್ಕೆ ಎಳಿ" ಎಂದರು ಹೊರಗಿಂದ ಮೇಷ್ಟ್ರು.

ಚಿಲಕ ಇನ್ನಷ್ಟು ಬಿಗಿಯಾಯಿತು.

"ನಿನ್ನ ಬಲಕ್ಕಲ್ಲಮ್ಮ, ನನ್ನ ಬಲಕ್ಕೆ."

"ನೀನು ಎಲ್ಲಿ ನಿಂತಿದ್ದೀಯ ಅಂತ ನಂಗೆ ಕಾಣಿಸುತ್ತೇನೋ?"

"ಹಾಗಾದ್ರೆ ನಿನ್ನ ಎಡಕ್ಕೆ ಎಳಿ."

"ನಡು ನೋವು ಅಂತ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದೀನಿ. ಈಗ ನನ್ನ ಎಡ ಯಾವುದು?"

ಮೂವತ್ತು ವರ್ಷ ರೇಖಾಗಣಿತ ಹೇಳಿಕೊಟ್ಟ ಮೇಷ್ಟ್ರು ತಾವೂ ಬಾಗಿಲಿಗೆ ಬೆನ್ನು ತಿರುಗಿಸಿ ನಿಂತರು, ಗಾಳಿಯಲ್ಲಿ ಚಿಲಕ ಎಳೆದು ನೋಡಿದರು, ಎರಡೂ ಕೈಗಳನ್ನು ಎದುರಿಗೆ ಹಿಡಿದು ದಿಟ್ಟಿಸಿದರು. ಯಾವ ಕೈಯೂ ಉತ್ತರ ಹೇಳಲಿಲ್ಲ.

"ಬಲ ಬಲ ಅಂದೆ, ಬಲಕ್ಕೆ ಬಲ ಹಾಕಿದೆ. ಈಗ ಇದ್ದ ಬಲವೂ ಹೋಯ್ತು" ಎಂದರು ಮುದುಕಿ. ಅಲ್ಲಿಗೆ ಅವರ ದನಿ ನಿಂತಿತು.

ಗದ್ದಲ ಕೇಳಿ ಪಕ್ಕದ ಮನೆಯ ಬಸ್ ಡ್ರೈವರ್ ಬಂದ. ವಿಷಯ ತಿಳಿದು ತೋಳು ಮಡಿಸಿದ. "ಸರೀರಿ ಮೇಷ್ಟ್ರೇ. ಒಂದೇ ಗುದ್ದು. ಬಾಗಿಲು ಒಳಗೆ ಬೀಳುತ್ತೆ."

"ಬಾಗಿಲ ಹಿಂದೇನೇ ಅಮ್ಮ ಇದ್ರೆ?"

ಇಬ್ಬರೂ ಬಾಗಿಲಿಗೆ ಕಿವಿಯಿಟ್ಟರು. ಉಸಿರಿಲ್ಲ. "ಅಮ್ಮ" ಎಂದರು ಮೇಷ್ಟ್ರು. ಮತ್ತೆ ಕರೆದರು. ಉತ್ತರವಿಲ್ಲ. ತಣ್ಣೀರು, ಈ ವಯಸ್ಸು, ಜಾರುವ ನೆಲ, ಎಲ್ಲ ಒಟ್ಟಿಗೇ ಮೇಷ್ಟ್ರ ಮನಸ್ಸಿಗೆ ಬಂತು.

ಅಷ್ಟರಲ್ಲಿ ಹೆಂಡತಿ ಚೀಲದೊಂದಿಗೆ ಒಳಗೆ ಬಂದರು. ತಿರುಗುಮುರುಗಾದ ಬಾಗಿಲನ್ನು ನೋಡಿದರು, ಗಂಡನ ಬಿಳಿಚಿದ ಮುಖ ನೋಡಿದರು. ಚಿಲಕ ಯಾವ ಕಡೆ ಹಾಕಿದ್ದೀರಿ ಎಂದಷ್ಟೇ ಕೇಳಿದರು. ನಲ್ಲಿಯ ಕಡೆ ಎಂದು ಮೇಷ್ಟ್ರು ತೊದಲಿದರು.

"ಅತ್ತೆ, ಹುಷಾರಾಗಿದ್ದೀರಾ?"

"ಇದ್ದೀನಮ್ಮ" ಎಂದಿತು ಒಳಗಿನ ದನಿ, ಗಟ್ಟಿಯಾಗಿಯೇ. "ಇವನ ಜೊತೆ ಮಾತಾಡೋದು ನಿಲ್ಲಿಸಿದೆ, ಅಷ್ಟೆ."

ಮೇಷ್ಟ್ರು ಗೋಡೆಗೊರಗಿ ನೆಲಕ್ಕೇ ಕುಸಿದು ಕೂತರು. ಹೋದ ಜೀವ ಬಂದಂತಾಗಿ ಅವರ ಕಣ್ಣು ಒದ್ದೆಯಾಯಿತು.

"ಚಿಲಕಾನ ಕಿಟಕಿ ಕಡೆಗೆ ಎಳೀರಿ."

ಟಕ್ ಎಂದಿತು. ಬಾಗಿಲು ತೆರೆಯಿತು. ಮುದುಕಿ ನಡುಗುತ್ತ, ಆದರೆ ರಾಣಿಯ ಠೀವಿಯಲ್ಲಿ ಹೊರಬಂದರು.

ಡ್ರೈವರ್ ತಲೆದೂಗಿದ. "ಅದು ಹೇಗೆ ಅಷ್ಟು ಸುಲಭವಾಗಿ ಹೇಳಿದ್ರಿ ಅಕ್ಕ?"

"ಎಡ ಬಲ ಅಂತ ಹೇಳಿದವರನ್ನೆಲ್ಲ ನಂಬಿ ಚಿಕ್ಕಂದಿನಲ್ಲೇ ಸಾಕಾಗಿದೆ. ಯಾವ ಕಡೆ ಏನಿದೆ ಅಂತ ನೋಡಿಕೊಳ್ತೀನಿ" ಎನ್ನುತ್ತ ಹೆಂಡತಿ ಅಡುಗೆಮನೆಗೆ ಹೋದರು. ಢಬ್ ಎಂಬ ಸದ್ದಾಯಿತು. ಹಣೆ ಉಜ್ಜಿಕೊಳ್ಳುತ್ತ ವಾಪಸು ಬಂದರು. "ಫ್ರಿಜ್ಜೂ ಮಾಡಿದ್ದೀರಾ?"

"ನಿನಗೆ ಅನುಕೂಲ ಆಗಲಿ ಅಂತ" ಎಂದರು ಮೇಷ್ಟ್ರು ಕ್ಷೀಣವಾಗಿ.

"ಈ ಬಲಗೈ ಪ್ರಪಂಚಕ್ಕೆ ಒಗ್ಗಿಕೊಳ್ಳೋಕೆ ನಂಗೆ ಅರ್ಧ ಆಯಸ್ಸು ಹಿಡೀತು. ನೀವು ಅದನ್ನೂ ಒಂದೇ ದಿನದಲ್ಲಿ ಕಿತ್ತುಹಾಕಿದ್ರಿ." ಆಕೆ ನಗುತ್ತಿದ್ದರು. ಗಂಡನ ಪಕ್ಕದಲ್ಲೇ ನೆಲದ ಮೇಲೆ ಕೂತರು. "ನಿಜವಾಗಿ ಏನಾದ್ರೂ ಮಾಡಬೇಕು ಅಂತಿದ್ರೆ, ಊಟದ ಮೇಜಲ್ಲಿ ನನ್ನ ಎಡಕ್ಕೆ ಕೂರೋದನ್ನ ಬಿಟ್ಟು ಬಲಕ್ಕೆ ಕೂತ್ಕೊಳ್ಳಿ. ದಿನಾ ನಿಮ್ಮ ಮೊಣಕೈ ನನ್ನ ಮೊಣಕೈಗೆ ಗುದ್ದುತ್ತೆ. ಅದಕ್ಕೆ ಯಾವ ಸ್ಕ್ರೂನೂ ಬಿಚ್ಚಬೇಕಾಗಿಲ್ಲ."

"ಇಷ್ಟೇನಾ?" ಮೇಷ್ಟ್ರಿಗೆ ಸಮಾಧಾನವೂ ಆಯಿತು, ರೋಷವೂ ಬಂತು. "ಇದನ್ನ ಮೊದಲೇ ಹೇಳಬಾರದಾಗಿತ್ತಾ?"

"ಮದುವೆಯಾದ ಹೊಸದರಲ್ಲೇ ಹೇಳಿದ್ದೆ. ಆಮೇಲೂ ಎಷ್ಟೋ ಸಲ ಹೇಳಿದ್ದೀನಿ."

"ನಾನೇನಂದೆ?"

ಹೆಂಡತಿ ಬಾಯಿ ತೆರೆಯುವ ಮೊದಲೇ, ತಲೆ ಒರೆಸಿಕೊಳ್ಳುತ್ತಿದ್ದ ಮುದುಕಿ ಉತ್ತರ ಕೊಟ್ಟರು: "ಇನ್ನೇನಂದಿರ್ತೀಯ? 'ಹೂಂ' ಅಂದಿರ್ತೀಯ. ಈಗಲಾದ್ರೂ ಕೇಳಿಸ್ತೇನಪ್ಪ?"

ಮೇಷ್ಟ್ರು ಸಮರ್ಥಿಸಿಕೊಳ್ಳಲು ಬಾಯಿ ತೆರೆದರು. ಹೊರಗೆ ಬಂದದ್ದು ಒಂದೇ ಮಾತು.

"ಹೂಂ."